ಕೈಯಾರೆ ತುಂಬಿದ ಕಾಡತೂಸು, ತಡವರಿಸುವ ಪಿಸ್ತೂಲು: ನನ್ನ ಅನುಭವ

ನನ್ನ 9 ಎಂ.ಎಂ. ಪಿಸ್ತೂಲು ಕಾರ್ಖಾನೆಯ ಕಾಡತೂಸುಗಳನ್ನು ತಡೆಯಿಲ್ಲದೆ ಹಾರಿಸುತ್ತಿತ್ತು. ಕೇಸಿಗೆ (ಹಿತ್ತಾಳೆಯ ಕವಚಕ್ಕೆ) ಮದ್ದು, ಗುಂಡು ಹಾಕಿ ನಾನೇ ತುಂಬಿದ ಕಾಡತೂಸುಗಳಲ್ಲಿ ಮಾತ್ರ ಪ್ರತಿ ಮ್ಯಾಗಜೀನಿಗೆ ಒಂದೆರಡು ಬಾರಿಯಾದರೂ ಸ್ಲೈಡ್ (ಪಿಸ್ತೂಲಿನ ಮೇಲೆ ಹಿಂದೆಮುಂದೆ ಸರಿಯುವ ಭಾಗ) ಪೂರ್ತಿ ಮುಚ್ಚಿಕೊಳ್ಳದೆ ಕೂದಲೆಳೆಯಷ್ಟು ಹಿಂದೆಯೇ ನಿಂತುಬಿಡುತ್ತಿತ್ತು. ಮೊದಲು ಸ್ಪ್ರಿಂಗನ್ನು ಶಂಕಿಸಿ ಹೊಸದನ್ನು ಹಾಕಿದೆ, ಪ್ರಯೋಜನವಾಗಲಿಲ್ಲ. ಕಾರ್ಖಾನೆಯ ಕಾಡತೂಸು ಸರಾಗವಾಗಿ ಓಡುತ್ತಿರುವಾಗ ದೋಷವನ್ನು ಪಿಸ್ತೂಲಿನಲ್ಲಿ ಹುಡುಕಿದ್ದೇ ತಪ್ಪೆಂದು ಆಮೇಲೆ ಹೊಳೆಯಿತು.

ಅಂದಿನಿಂದ ಬ್ಯಾರೆಲ್ಲೇ ನನ್ನ ಅಳತೆಗೋಲಾಯಿತು. ಪಿಸ್ತೂಲನ್ನು ಖಾಲಿ ಮಾಡಿ, ಬ್ಯಾರೆಲನ್ನು ಹೊರತೆಗೆದು, ತುಂಬಿದ ಕಾಡತೂಸನ್ನು ಚೇಂಬರಿಗೆ (ಬ್ಯಾರೆಲಿನ ಹಿಂಬದಿಯಲ್ಲಿ ಕಾಡತೂಸು ಕೂರುವ ಗೂಡಿಗೆ) ಬಿಟ್ಟರೆ ಅದು ತನ್ನ ಭಾರಕ್ಕೇ 'ಟಕ್' ಎಂದು ಕೂತು, ಬೆರಳಿನಿಂದ ಸಲೀಸಾಗಿ ತಿರುಗಬೇಕು. ಬ್ಯಾರೆಲನ್ನು ಬೋರಲು ಹಾಕಿದರೆ ತಾನಾಗಿಯೇ ಜಾರಿ ಬೀಳಬೇಕು. ಹಾಗೆ ಕೂರದ ಕಾಡತೂಸಿಗೆ ಮಾರ್ಕರ್ ಪೆನ್ನಿನ ಶಾಯಿ ಬಳಿದು ಚೇಂಬರಿನಲ್ಲಿ ತಿರುಗಿಸಿದಾಗ, ಶಾಯಿ ಅಳಿಸಿದ ಜಾಗವೇ ಕಾರಣವನ್ನು ತೋರಿಸುತ್ತದೆ. ಕೇಸಿನ ಬಾಯಂಚಿನಲ್ಲಿ ಅಳಿಸಿದ್ದರೆ ಗುಂಡು ಕೂರಿಸಲು ಅಗಲಿಸಿದ ಬಾಯಿ ಸರಿಯಾಗಿ ಮುಚ್ಚಿಲ್ಲ. ಗುಂಡಿನ ಮೇಲೆ ಅಳಿಸಿದ್ದರೆ ಕಾಡತೂಸು ಬ್ಯಾರೆಲಿನ ಒಳಗೆರೆಗಳಿಗೆ (ಗುಂಡನ್ನು ತಿರುಗಿಸುವ ಸುರುಳಿ ಗೆರೆಗಳಿಗೆ) ತಾಗುವಷ್ಟು ಉದ್ದವಾಗಿದೆ. ಬುಡದ ಬಳಿ ಅಳಿಸಿದ್ದರೆ ಸೈಜಿಂಗ್ ಡೈ (ಕೇಸನ್ನು ಮತ್ತೆ ಅಳತೆಗೆ ಒತ್ತುವ ಅಚ್ಚು) ಸಾಕಷ್ಟು ಕೆಳಗಿಳಿದಿಲ್ಲ.

ನನ್ನಲ್ಲಿ ಮೊದಲೆರಡೂ ದೋಷಗಳಿದ್ದವು. ಕೇಸಿನ ಬಾಯಿ ಗರಿಷ್ಠ 9.65 ಮಿ.ಮೀ. ಇರಬಹುದು, ನಾನು ಕ್ಯಾಲಿಪರಿನಲ್ಲಿ ನೋಡುತ್ತ ಟೇಪರ್ ಕ್ರಿಂಪನ್ನು (ಬಾಯಿಯನ್ನು ಗುಂಡಿನ ಸುತ್ತ ಓರೆಯಾಗಿ ಒತ್ತುವುದನ್ನು) ಸುಮಾರು 9.60ಕ್ಕೆ ನಿಲ್ಲಿಸಿದೆ. ಈ ಕಾಡತೂಸು ಚೇಂಬರಿನಲ್ಲಿ ಕೇಸಿನ ಬಾಯಂಚಿನ ಮೇಲೆಯೇ ನಿಲ್ಲುವುದರಿಂದ ಅಂಚನ್ನು ಒಳಕ್ಕೆ ಮಡಚುವ ರೋಲ್ ಕ್ರಿಂಪ್ ಇದಕ್ಕೆ ಸಲ್ಲದು. ಬಿಗಿ ಹೆಚ್ಚಿದರೆ ಹಿಡಿತ ಹೆಚ್ಚುತ್ತದೆಂಬ ನಂಬಿಕೆಯೂ ಸುಳ್ಳು: ಹಿತ್ತಾಳೆ ಒತ್ತಡ ತೆಗೆದೊಡನೆ ಸ್ವಲ್ಪ ಹಿಂದಕ್ಕೆ ಹಿಗ್ಗುತ್ತದೆ, ಗುಂಡಿನ ಸೀಸ ಹಿಗ್ಗುವುದಿಲ್ಲ, ಹೀಗಾಗಿ ಗುಂಡು ಸಡಿಲವೇ ಆಗುತ್ತದೆ.

ಉದ್ದದ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕಾಯಿತು. ಪೂರ್ಣ ಉದ್ದದ ಗರಿಷ್ಠ ಮಿತಿ 29.69 ಮಿ.ಮೀ. ಆದರೂ ಮೊಂಡುಮೂಗಿನ ಗುಂಡು ಅದಕ್ಕಿಂತ ಬಹಳ ಮೊದಲೇ ಒಳಗೆರೆಗೆ ತಾಗುತ್ತದೆ. ಗುಂಡನ್ನು ಒಳಕ್ಕೆ ಕೂರಿಸಿದಷ್ಟೂ ಮದ್ದಿಗಿರುವ ಜಾಗ ಕುಗ್ಗಿ ಒತ್ತಡ ಏರುವುದರಿಂದ, ಉದ್ದ ಬದಲಿಸಿದಾಗಲೆಲ್ಲ ಪ್ರಕಟಿತ ಕೈಪಿಡಿಯಲ್ಲಿ ಆ ಗುಂಡಿಗೇ ಕೊಟ್ಟ ಮದ್ದಿನ ಕನಿಷ್ಠ ಪ್ರಮಾಣಕ್ಕೆ ಮರಳಿ, ಅಲ್ಲಿಂದಲೇ ಹಂತಹಂತವಾಗಿ ಏರಿದೆ; ಕೈಪಿಡಿಯ ಕನಿಷ್ಠ ಉದ್ದಕ್ಕಿಂತ ಕೆಳಗೆ ಎಂದೂ ಹೋಗಲಿಲ್ಲ. ಪ್ರತಿ ಸಲ ಒಟ್ಟಿಗೆ ತುಂಬಿದ ಕಾಡತೂಸುಗಳಲ್ಲಿ ಕೆಲವನ್ನು ಮೇಜಿನಂಚಿಗೆ ಹೆಬ್ಬೆರಳಿನಿಂದ ಬಲವಾಗಿ ಒತ್ತಿ ಮತ್ತೆ ಅಳೆಯುತ್ತೇನೆ. ಗುಂಡು ಒಳಜಾರಿದ್ದರೆ ಆ ಸಲ ತುಂಬಿದ ಒಂದನ್ನೂ ಹಾರಿಸುವುದಿಲ್ಲ.

ಉಳಿದದ್ದು ಸಣ್ಣದು. ಖಾಲಿ ಕೇಸು ಹೊರಬೀಳದೆ ನೆಟ್ಟಗೆ ಸಿಕ್ಕಿಕೊಳ್ಳುತ್ತಿದ್ದದ್ದು ಆರಂಭಿಕ ಪ್ರಮಾಣದಲ್ಲಿ ಮಾತ್ರ. ಮಿತಿಯೊಳಗೇ ಒಂದು ಹಂತ ಏರಿದಾಗ ನಿಂತಿತು. ಮ್ಯಾಗಜೀನುಗಳಿಗೆ ಸಂಖ್ಯೆ ಬರೆದಿಟ್ಟಿದ್ದರಿಂದ ಒಂದರ ತುಟಿ ಸೊಟ್ಟಗಾಗಿರುವುದೂ ತಿಳಿಯಿತು. ಈಗಲೂ ಸದ್ದು ಕ್ಷೀಣವಾಗಿ ಕೇಳಿದರೆ ಅಲ್ಲೇ ನಿಲ್ಲಿಸಿ, ಪಿಸ್ತೂಲನ್ನು ಖಾಲಿ ಮಾಡಿ, ಗುಂಡು ಬ್ಯಾರೆಲಿನಲ್ಲಿ ಸಿಲುಕಿಲ್ಲವೆಂದು ಕಣ್ಣಾರೆ ಕಂಡ ಮೇಲೆಯೇ ಮುಂದಿನದನ್ನು ಹಾಕುತ್ತೇನೆ.