ನಿಲ್ಲಿಸಿದ ಕಾರಿನ ಬ್ಯಾಟರಿ ತಾನಾಗಿ ಖಾಲಿಯಾಗುತ್ತಿದೆಯೇ? ಕರೆಂಟ್ ಸೋರುವ ಜಾಗ ಹಿಡಿಯುವುದು ಹೀಗೆ

ಸಂಜೆ ಸರಿಯಾಗಿಯೇ ಓಡಿದ ಕಾರು ಬೆಳಿಗ್ಗೆ ಸ್ಟಾರ್ಟ್ ಮಾಡಲು ಹೋದರೆ ‘ಟಕ್ ಟಕ್’ ಎನ್ನುತ್ತದೆ, ಇಲ್ಲವೇ ಸದ್ದೇ ಇರುವುದಿಲ್ಲ. ಹೆಚ್ಚಿನವರು ತಕ್ಷಣ ಹೊಸ ಬ್ಯಾಟರಿ ಹಾಕಿಸುತ್ತಾರೆ. ಕೆಲವು ವಾರ ಎಲ್ಲ ಸರಿಯಾಗಿರುತ್ತದೆ, ಆಮೇಲೆ ಮತ್ತದೇ ಪಾಡು. ಬ್ಯಾಟರಿಯನ್ನು ಬದಲಿಸಿದರೇ ಹೊರತು ಅದನ್ನು ಬರಿದು ಮಾಡುತ್ತಿದ್ದ ಕಾರಣವನ್ನು ಯಾರೂ ಹುಡುಕಲಿಲ್ಲ.

ಈಗಿನ ಕಾರಿನಲ್ಲಿ ಬಾಗಿಲು, ದೀಪ, ಎಂಜಿನ್, ಬ್ರೇಕ್, ಮ್ಯೂಸಿಕ್ ಸಿಸ್ಟಂ ಹೀಗೆ ಪ್ರತಿಯೊಂದಕ್ಕೂ ಒಂದೊಂದು ಕಂಟ್ರೋಲ್ ಮಾಡ್ಯೂಲ್, ಅಂದರೆ ಪುಟ್ಟ ಕಂಪ್ಯೂಟರ್, ಇರುತ್ತದೆ. ಅವೆಲ್ಲ ಕ್ಯಾನ್ ಬಸ್ ಎಂಬ ಜೋಡಿ ತಂತಿಯ ಮೇಲೆ ಒಂದಕ್ಕೊಂದು ಮಾತಾಡಿಕೊಳ್ಳುತ್ತವೆ. ಗಾಡಿ ಲಾಕ್ ಮಾಡಿದ ಕೂಡಲೇ ಅವು ಆಫ್ ಆಗುವುದಿಲ್ಲ. ಒಂದೊಂದಾಗಿ ನಿದ್ದೆಗೆ ಜಾರುತ್ತವೆ. ಪೂರ್ತಿ ನಿದ್ದೆ ಹೋದ ಕಾರು ಸಾಮಾನ್ಯವಾಗಿ 20ರಿಂದ 50 ಮಿಲಿಆಂಪ್ ಮಾತ್ರ ಎಳೆಯುತ್ತದೆ. ಒಂದೇ ಒಂದು ಮಾಡ್ಯೂಲ್ ಎಚ್ಚರವಾಗಿದ್ದರೂ, ತಪ್ಪು ತಂತಿಗೆ ಜೋಡಿಸಿದ ಒಂದು ಕ್ಯಾಮೆರಾ ಇದ್ದರೂ ಈ ಲೆಕ್ಕ ಕೆಡುತ್ತದೆ. ದೋಷ ಹುಡುಕುವಾಗಲೂ ಹೊಸ ಸಾಮಾನು ಹಾಕುವಾಗಲೂ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಗಾಡಿ ನಿದ್ದೆ ಹೋಗುತ್ತಿದೆಯೇ?

ಲೆಕ್ಕ ನೋಡಿ. 45 ಆಂಪ್-ಅವರ್ ಬ್ಯಾಟರಿ ಅರ್ಧಕ್ಕೆ ಇಳಿದರೆ ಸ್ಟಾರ್ಟರ್ ಮೋಟಾರ್ ತಿರುಗಿಸುವ ಶಕ್ತಿ ಅನುಮಾನ. 50 ಮಿಲಿಆಂಪ್ ಎಳೆತದಲ್ಲಿ ಆ ಮಟ್ಟಕ್ಕೆ ಬರಲು ಸುಮಾರು 19 ದಿನ ಬೇಕು. 300 ಮಿಲಿಆಂಪ್ ಆದರೆ 3 ದಿನ. 1 ಆಂಪ್ ಆದರೆ ಒಂದು ದಿನವೂ ಬೇಡ. ಹಾಗಾಗಿ ‘ಎಷ್ಟು ದಿನ ನಿಂತರೆ ಸ್ಟಾರ್ಟ್ ಆಗುವುದಿಲ್ಲ’ ಎಂಬುದನ್ನು ಗಮನಿಸಿದರೆ ಸೋರಿಕೆ ಎಷ್ಟಿರಬಹುದೆಂಬ ಅಂದಾಜು ಮೊದಲೇ ಸಿಗುತ್ತದೆ.

ಬೇಕಾದ ಸಾಮಾನು

10 ಆಂಪ್‌ವರೆಗೆ ಕರೆಂಟ್ ಮತ್ತು 0.1 ಮಿಲಿವೋಲ್ಟ್‌ವರೆಗೆ ಸೂಕ್ಷ್ಮವಾಗಿ ವೋಲ್ಟೇಜ್ ತೋರಿಸುವ ಡಿಜಿಟಲ್ ಮಲ್ಟಿಮೀಟರ್, ಎರಡು ಕಡೆ ಕ್ಲಿಪ್ ಇರುವ ದಪ್ಪ ಜಂಪರ್ ತಂತಿ, 10 ನಂಬರ್ ಸ್ಪ್ಯಾನರ್, ಕಾರಿನ ಫ್ಯೂಸ್ ಚಾರ್ಟ್. ಚಾರ್ಟ್ ಮಾಲೀಕರ ಕೈಪಿಡಿಯಲ್ಲಿ ಅಥವಾ ಫ್ಯೂಸ್ ಬಾಕ್ಸ್ ಮುಚ್ಚಳದ ಒಳಬದಿಯಲ್ಲಿ ಇರುತ್ತದೆ. ಹಳೆಯ ಬಲ್ಬ್ ಇರುವ ಟೆಸ್ಟ್ ಲ್ಯಾಂಪ್ ಈ ಕೆಲಸಕ್ಕೆ ಬೇಡ. ಅದು ಎಳೆಯುವ ಕರೆಂಟ್ ಸೂಕ್ಷ್ಮ ಮಾಡ್ಯೂಲುಗಳನ್ನು ಕೆಡಿಸಬಲ್ಲದು. ಏರ್‌ಬ್ಯಾಗ್ ತಂತಿಗೆ ತಗುಲಿದರಂತೂ ಪ್ರಾಣಾಪಾಯ. ಹೈಬ್ರಿಡ್ ಅಥವಾ ಎಲೆಕ್ಟ್ರಿಕ್ ಕಾರಾದರೆ ಕಿತ್ತಳೆ ಬಣ್ಣದ ಕೇಬಲ್‌ಗಳ ಹತ್ತಿರಕ್ಕೇ ಹೋಗಬೇಡಿ. ಇಲ್ಲಿ ಹೇಳುವುದೆಲ್ಲ 12 ವೋಲ್ಟ್ ಕಡೆಯ ಕೆಲಸ.

ಹಂತ 1: ಮೊದಲು ಬ್ಯಾಟರಿ, ಆಮೇಲೆ ಆಲ್ಟರ್ನೇಟರ್

ಗಾಡಿ ಕೆಲವು ಗಂಟೆ ನಿಂತ ಮೇಲೆ ಬ್ಯಾಟರಿಯ ವೋಲ್ಟೇಜ್ ಅಳೆಯಿರಿ. 12.6 ಅಥವಾ ಹೆಚ್ಚು ಬಂದರೆ ತುಂಬಿದೆ. 12.4 ಎಂದರೆ ಮುಕ್ಕಾಲು, 12.2 ಎಂದರೆ ಅರ್ಧ. 12ಕ್ಕಿಂತ ಕೆಳಗಿದ್ದರೆ ಚಾರ್ಜರ್‌ನಿಂದ ಪೂರ್ತಿ ತುಂಬಿಸದೆ ಮುಂದಿನ ಪರೀಕ್ಷೆ ಮಾಡಬೇಡಿ. ಕಡಿಮೆ ವೋಲ್ಟೇಜಿನಲ್ಲಿ ಮಾಡ್ಯೂಲುಗಳು ವಿಚಿತ್ರವಾಗಿ ವರ್ತಿಸುತ್ತವೆ. ಡ್ಯಾಶ್‌ಬೋರ್ಡಿನಲ್ಲಿ ಎಬಿಎಸ್, ಸ್ಟಿಯರಿಂಗ್, ಏರ್‌ಬ್ಯಾಗ್ ದೀಪಗಳು ಒಟ್ಟಿಗೆ ಹತ್ತಿಕೊಂಡರೆ ಮೂರೂ ಒಮ್ಮೆಗೇ ಕೆಟ್ಟಿವೆ ಎಂದು ಹೆದರುವ ಮೊದಲು ಬ್ಯಾಟರಿ ವೋಲ್ಟೇಜ್ ನೋಡುವುದು ಜಾಣತನ.

ಎಂಜಿನ್ ಸ್ಟಾರ್ಟ್ ಮಾಡಿ ಮತ್ತೆ ಅಳೆಯಿರಿ. 13.8ರಿಂದ 14.7 ವೋಲ್ಟ್ ಬಂದರೆ ಆಲ್ಟರ್ನೇಟರ್ (ಎಂಜಿನ್ ತಿರುಗಿಸುವ ಜನರೇಟರ್) ಬ್ಯಾಟರಿ ಚಾರ್ಜ್ ಮಾಡುತ್ತಿದೆ. ಈಚಿನ ಸ್ಮಾರ್ಟ್ ಆಲ್ಟರ್ನೇಟರ್‌ಗಳು ಇಂಧನ ಉಳಿಸಲು ಆಗಾಗ ಇದಕ್ಕಿಂತ ಕೆಳಗಿಳಿಯುತ್ತವೆ. ಹೆಡ್‌ಲೈಟ್, ಹಿಂಬದಿ ಗಾಜಿನ ಹೀಟರ್ ಹಾಕಿ ನೋಡಿದರೆ ಏರಬೇಕು. ಹಾಗೆಯೇ ಮೀಟರನ್ನು ಎಸಿ ವೋಲ್ಟ್‌ಗೆ ತಿರುಗಿಸಿ ನೋಡಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಆಲ್ಟರ್ನೇಟರಿನ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಕೆಟ್ಟಿರುವ ಸಂಭವ ಹೆಚ್ಚು. ಅಂಥ ಡಯೋಡ್ ಗಾಡಿ ನಿಂತಿರುವಾಗ ಬ್ಯಾಟರಿಯನ್ನು ಹಿಮ್ಮುಖವಾಗಿ ಹೀರುತ್ತದೆ.

ಹಂತ 2: ಗಾಡಿಯನ್ನು ನಿದ್ದೆಗೆ ಕಳಿಸುವುದು

ಅಳತೆ ತಪ್ಪುವುದು ಹೆಚ್ಚಾಗಿ ಇಲ್ಲಿಯೇ. ಬಾನೆಟ್ ತೆಗೆದಿದ್ದರೆ, ಬಾಗಿಲು ತೆರೆದಿದ್ದರೆ ಗಾಡಿ ಮಲಗುವುದಿಲ್ಲ. ಮೊದಲು ಬಾನೆಟ್ ಎತ್ತಿ ನಿಲ್ಲಿಸಿ, ಅದರ ಲ್ಯಾಚ್ ಅನ್ನು ಸ್ಕ್ರೂಡ್ರೈವರ್‌ನಿಂದ ಒತ್ತಿ ‘ಮುಚ್ಚಿದೆ’ ಎಂದು ನಂಬಿಸಿ. ಫ್ಯೂಸ್ ಬಾಕ್ಸ್ ಒಳಗಡೆ ಇದ್ದರೆ ಚಾಲಕನ ಬಾಗಿಲಿನ ಲ್ಯಾಚಿಗೂ ಇದನ್ನೇ ಮಾಡಿ. ಕೆಲಸ ಮುಗಿದ ಮೇಲೆ ಲ್ಯಾಚ್ ಬಿಡಿಸಲು ಮರೆತು ಬಾಗಿಲು ಬಡಿದರೆ ಲ್ಯಾಚೇ ಮುರಿಯುತ್ತದೆ, ಎಚ್ಚರ. ಎಲ್ಲ ಫ್ಯೂಸ್ ಬಾಕ್ಸ್ ಮುಚ್ಚಳಗಳನ್ನು ಈಗಲೇ ತೆಗೆದಿಡಿ, ನಂತರ ರಿಮೋಟ್‌ನಿಂದ ಲಾಕ್ ಮಾಡಿ. ಕೀಲೆಸ್ ಗಾಡಿಯಾದರೆ ಕೀಯನ್ನು ಹತ್ತಾರು ಅಡಿ ದೂರ ಇಡಿ. ಕೀ ಹತ್ತಿರವಿದ್ದರೆ ಎಷ್ಟೋ ಕಾರುಗಳು ಮತ್ತೆ ಮತ್ತೆ ಎಚ್ಚರಗೊಳ್ಳುತ್ತವೆ. ದೋಷ ಪತ್ತೆಗೆ ಕೊಟ್ಟಿರುವ ಓಬಿಡಿ ಸಾಕೆಟ್ಟಿನಲ್ಲಿ ಸ್ಕ್ಯಾನರ್ ಚುಚ್ಚಿಟ್ಟಿದ್ದರೆ ಕಿತ್ತುಬಿಡಿ. ಆ ಸಾಕೆಟ್ಟಿನ 16ನೇ ಪಿನ್ನಿಗೆ ಸದಾ 12 ವೋಲ್ಟ್ ಇರುತ್ತದೆ, ಚುಚ್ಚಿದ ಸಾಧನ ಬಸ್ ಮೇಲೆ ಪ್ರಶ್ನೆ ಕೇಳುತ್ತಲೇ ಇದ್ದರೆ ಮಾಡ್ಯೂಲುಗಳಿಗೆ ನಿದ್ದೆ ಎಲ್ಲಿಂದ? ಬಹಳ ಕಾರುಗಳಲ್ಲಿ ಇಡೀ ದೋಷ ಇಷ್ಟೇ ಆಗಿರುತ್ತದೆ.

ಹಂತ 3: ಒಟ್ಟು ಎಳೆತ ಅಳೆಯುವುದು

ಮೀಟರಿನ ಕೆಂಪು ತಂತಿಯನ್ನು 10 ಆಂಪ್ ತೂತಿಗೆ ಹಾಕಿ. ಕಾರಿನ ಮೈನಸ್ ಕೇಬಲ್ ಮತ್ತು ಬ್ಯಾಟರಿಯ ಮೈನಸ್ ಕಂಬ, ಇವೆರಡರ ನಡುವೆ ಮೊದಲು ಜಂಪರ್ ಕ್ಲಿಪ್ ಹಾಕಿ. ಈಗ ಕೇಬಲ್ ಕ್ಲ್ಯಾಂಪ್ ಸಡಿಲಿಸಿ ಕಂಬದಿಂದ ಎತ್ತಿ. ಜಂಪರ್ ಇರುವುದರಿಂದ ಸಂಪರ್ಕ ಒಂದು ಕ್ಷಣವೂ ಕಡಿಯುವುದಿಲ್ಲ. ಕಡಿದರೆ ಎಲ್ಲ ಮಾಡ್ಯೂಲುಗಳು ಒಮ್ಮೆಗೇ ಎದ್ದು ಕರೆಂಟ್ ಎಳೆಯುತ್ತವೆ, ಮೀಟರಿನೊಳಗಿನ ಫ್ಯೂಸ್ ಹಾರಬಹುದು. ಮೀಟರನ್ನೂ ಅದೇ ಎರಡು ಜಾಗಗಳ ನಡುವೆ ಜಂಪರಿಗೆ ಸಮಾನಾಂತರವಾಗಿ ಜೋಡಿಸಿ, ಅರ್ಧ ಗಂಟೆ ಬಿಟ್ಟು ಜಂಪರ್ ತೆಗೆಯಿರಿ. ಈಗ ಕಾಣುವ ಅಂಕಿ ನಿಜವಾದ ಎಳೆತ. ಕೆಲವು ಕಾರುಗಳಿಗೆ ನಿದ್ದೆ ಹೋಗಲು 10 ನಿಮಿಷ ಸಾಕು, ಕೆಲವಕ್ಕೆ ಒಂದು ಗಂಟೆಯೂ ಬೇಕು. ಅಂಕಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತಿದ್ದರೆ ಕಾಯಿರಿ. ಮೀಟರ್ ಸಿಕ್ಕಿಸಿಕೊಂಡೇ ಇಗ್ನಿಷನ್ ಹಾಕುವುದು, ಎಂಜಿನ್ ಸ್ಟಾರ್ಟ್ ಮಾಡುವುದು ಖಂಡಿತ ಕೂಡದು.

50ಕ್ಕಿಂತ ಕಡಿಮೆ ಬಂದರೆ ಸೋರಿಕೆ ಇಲ್ಲ, ಬ್ಯಾಟರಿಯೇ ಮುದಿಯಾಗಿದೆ ಅಥವಾ ಓಡಾಟ ತೀರಾ ಕಡಿಮೆ. ಒಮ್ಮೆ 30, ಮತ್ತೊಮ್ಮೆ 400 ಎಂದು ಏರಿಳಿಯುತ್ತಿದ್ದರೆ ಯಾವುದೋ ಮಾಡ್ಯೂಲ್ ಮಲಗಿ ಏಳುತ್ತಿದೆ.

ಹಂತ 4: ಫ್ಯೂಸ್ ಕೀಳದೆ ಹುಡುಕಿ

ಒಂದೊಂದೇ ಫ್ಯೂಸ್ ಕೀಳುತ್ತಾ ಹೋಗಿ ಅಂಕಿ ಇಳಿಯುವುದನ್ನು ನೋಡುವುದು ಹಳೆಯ ಕ್ರಮ. ಈಗಿನ ಕಾರಿಗೆ ಅದು ಒಗ್ಗುವುದಿಲ್ಲ. ಫ್ಯೂಸ್ ಕಿತ್ತು ಮತ್ತೆ ಹಾಕಿದರೆ ಮಾಡ್ಯೂಲ್ ಹೊಸದಾಗಿ ಎದ್ದು ಇತರರನ್ನೂ ಎಬ್ಬಿಸುತ್ತದೆ. ಮತ್ತೆ ಅರ್ಧ ಗಂಟೆ ಕಾಯಬೇಕು. ಕೆಲವೊಮ್ಮೆ ಫ್ಯೂಸ್ ಕಿತ್ತಾಗ ಸಿಕ್ಕಿಕೊಂಡಿದ್ದ ಮಾಡ್ಯೂಲ್ ರೀಸೆಟ್ ಆಗಿ ದೋಷವೇ ಮಾಯವಾಗುತ್ತದೆ, ಎರಡು ದಿನ ಬಿಟ್ಟು ಮರಳಿ ಬರುತ್ತದೆ.

ಬದಲಿಗೆ ಫ್ಯೂಸಿನ ತಲೆಯ ಮೇಲಿರುವ ಎರಡು ಸಣ್ಣ ಲೋಹದ ಚುಕ್ಕಿಗಳಿಗೆ ಮೀಟರಿನ ಮೊನೆಗಳನ್ನು ತಾಗಿಸಿ ಮಿಲಿವೋಲ್ಟ್ ಓದಿ. ಇದಕ್ಕೆ ಎರಡನೆಯ ಮೀಟರ್ ಇದ್ದರೆ ಅನುಕೂಲ. ಒಂದೇ ಇದ್ದರೆ ಮೈನಸ್ ಕಡೆ ಜಂಪರನ್ನು ಮೊದಲು ಹಾಕಿ, ಆಮೇಲೆ ಮೀಟರ್ ಬಿಚ್ಚಿ ಕೆಂಪು ತಂತಿಯನ್ನು ವೋಲ್ಟ್ ತೂತಿಗೆ ಬದಲಿಸಿ. ಕರೆಂಟ್ ಹರಿಯದ ಫ್ಯೂಸಿನಲ್ಲಿ ಓದು 0.0. ಹರಿಯುತ್ತಿದ್ದರೆ ಫ್ಯೂಸಿನ ಸಣ್ಣ ರೋಧದಿಂದ ಸ್ವಲ್ಪ ವೋಲ್ಟೇಜ್ ಬೀಳುತ್ತದೆ. 10 ಆಂಪ್ ಬ್ಲೇಡ್ ಫ್ಯೂಸಿನ ರೋಧ ಸುಮಾರು 7.5 ಮಿಲಿಓಮ್. ಆದ್ದರಿಂದ 0.1 ಮಿಲಿವೋಲ್ಟ್ ಎಂದರೆ 13 ಮಿಲಿಆಂಪ್, 2.3 ಮಿಲಿವೋಲ್ಟ್ ಎಂದರೆ 300 ಮಿಲಿಆಂಪ್ ಆಸುಪಾಸು. ಅದೇ 2.3 ಓದು 20 ಆಂಪ್ ಫ್ಯೂಸಿನ ಮೇಲೆ ಬಂದರೆ ಎಳೆತ ಇದರ ಎರಡು ಪಟ್ಟಿಗೂ ಹೆಚ್ಚು, ಏಕೆಂದರೆ ದೊಡ್ಡ ಫ್ಯೂಸಿನ ರೋಧ ಕಡಿಮೆ.

ಫ್ಯೂಸ್ ಸಿಕ್ಕಿತೆಂದರೆ ಚಾರ್ಟ್ ನೋಡಿ ಆ ಸಾಲಿನಲ್ಲಿ ಏನೇನಿದೆ ಎಂದು ಪಟ್ಟಿ ಮಾಡಿ, ಒಂದೊಂದರ ಕನೆಕ್ಟರ್ ಬಿಚ್ಚಿ ನೋಡಿ. ಡಿಕ್ಕಿಯ ದೀಪ, ಗ್ಲೌ ಬಾಕ್ಸ್ ದೀಪ, ಅಂಟಿಕೊಂಡ ರಿಲೇ, ಬಾಗಿಲಿನ ಲ್ಯಾಚ್ ಸ್ವಿಚ್ ಸಾಮಾನ್ಯ ಅಪರಾಧಿಗಳು. ಡಿಕ್ಕಿಯೊಳಗೆ ಫೋನಿನ ಕ್ಯಾಮೆರಾ ಆನ್ ಮಾಡಿಟ್ಟು ಮುಚ್ಚಿದರೆ ದೀಪ ಆರುತ್ತದೋ ಇಲ್ಲವೋ ತಿಳಿಯುತ್ತದೆ. ಹೊರಗಿನಿಂದ ಹಾಕಿಸಿದ ಸ್ಟೀರಿಯೊ ಇದ್ದರೆ ಅದರ ಹಳದಿ ಮತ್ತು ಕೆಂಪು ತಂತಿ ನೋಡಿ: ಹಳದಿಗೆ ಸದಾ ಕರೆಂಟ್, ಕೆಂಪಿಗೆ ಕೀ ಹಾಕಿದಾಗ ಮಾತ್ರ. ಕೆಲವು ಕಾರುಗಳ ಸಾಕೆಟ್ಟಿನಲ್ಲಿ ಈ ಎರಡರ ಜಾಗ ಅದಲುಬದಲಾಗಿರುತ್ತದೆ. ಆಗ ಸೆಟ್ಟಿಂಗ್ ಅಳಿಸಿಹೋಗುತ್ತದೆ. ಎರಡೂ ತಂತಿಯನ್ನು ಸದಾ ಕರೆಂಟ್ ಇರುವ ಕಡೆಗೇ ಕೊಟ್ಟಿದ್ದರೆ ಸ್ಟೀರಿಯೊ ಮಲಗುವುದೇ ಇಲ್ಲ. ಯಾವ ಸಣ್ಣ ಫ್ಯೂಸಿನಲ್ಲೂ ಓದು ಬಾರದಿದ್ದರೆ ಮತ್ತೆ ಆಲ್ಟರ್ನೇಟರ್ ಡಯೋಡಿನ ಕಡೆಗೆ ತಿರುಗಿ.

ಡ್ಯಾಶ್‌ಕ್ಯಾಮ್ ಹಾಕುವುದಾದರೆ

ಪಾರ್ಕಿಂಗ್ ಮೋಡ್ (ಗಾಡಿ ನಿಂತಿರುವಾಗಲೂ ಚಿತ್ರೀಕರಿಸುವ ಸೌಲಭ್ಯ) ಇರುವ ಕ್ಯಾಮೆರಾಗೆ ಮೂರು ತಂತಿಯ ಹಾರ್ಡ್‌ವೈರ್ ಕಿಟ್ ಬೇಕು: ಸಾಮಾನ್ಯವಾಗಿ ಹಳದಿ ಸದಾ ಕರೆಂಟಿಗೆ, ಕೆಂಪು ಕೀ ಕರೆಂಟಿಗೆ, ಕಪ್ಪು ಕಾರಿನ ಲೋಹದ ಬಾಡಿಗೆ. ಸಂಪರ್ಕ ತೆಗೆದುಕೊಳ್ಳಲು ತಂತಿ ಸುಲಿಯಬೇಡಿ, ಫ್ಯೂಸಿನ ಜಾಗದಲ್ಲಿ ಕೂತು ಇನ್ನೊಂದು ತಂತಿಗೂ ಕರೆಂಟ್ ಕೊಡುವ ಫ್ಯೂಸ್ ಟ್ಯಾಪ್ ಬಳಸಿ. ಟ್ಯಾಪಿನ ಅಳತೆ ನಿಮ್ಮ ಫ್ಯೂಸಿನದೇ ಆಗಿರಬೇಕು. ಮಿನಿ, ಲೋ ಪ್ರೊಫೈಲ್ ಮಿನಿ, ಮೈಕ್ರೊ ಇವು ಒಂದರ ಜಾಗಕ್ಕೆ ಇನ್ನೊಂದು ಕೂರುವುದಿಲ್ಲ. ಪವರ್ ಸಾಕೆಟ್ಟಿನಂಥ ಸಾಧು ಸಾಲುಗಳನ್ನು ಆರಿಸಿ. ಏರ್‌ಬ್ಯಾಗ್, ಎಬಿಎಸ್, ಸ್ಟಿಯರಿಂಗ್, ಎಂಜಿನ್ ಕಂಟ್ರೋಲ್ ಫ್ಯೂಸ್‌ಗಳನ್ನು ಮುಟ್ಟಲೇಬಾರದು. ಕೆಂಪು ತಂತಿಗೆ ಆರಿಸಿದ ಜಾಗ ಲಾಕ್ ಮಾಡಿ 10 ನಿಮಿಷದ ನಂತರ ಸೊನ್ನೆ ವೋಲ್ಟ್ ತೋರಿಸುತ್ತದೆಯೇ ಎಂದು ನೋಡಿ, ಏಕೆಂದರೆ ಕೀ ತೆಗೆದ ಮೇಲೂ ಕೆಲ ಹೊತ್ತು ಕರೆಂಟ್ ಉಳಿಸುವ ಸಾಲುಗಳಿವೆ.

ಟ್ಯಾಪಿನ ಕೆಳ ತೂತಿಗೆ ಮೂಲ ಫ್ಯೂಸ್, ಮೇಲಿನದಕ್ಕೆ 2 ಅಥವಾ 3 ಆಂಪ್ ಹೊಸ ಫ್ಯೂಸ್. ದಿಕ್ಕು ಸರಿಯಿದೆಯೇ ತಿಳಿಯಲು ಮೂಲ ಫ್ಯೂಸನ್ನು ಟ್ಯಾಪಿನಿಂದ ತೆಗೆದು ಟ್ಯಾಪಿನ ತಂತಿಯಲ್ಲಿ ವೋಲ್ಟೇಜ್ ನೋಡಿ. ಆಗಲೂ 12 ವೋಲ್ಟ್ ಬಂದರೆ ಸರಿ. ಬಾರದಿದ್ದರೆ ಟ್ಯಾಪನ್ನು ತಿರುಗಿಸಿ ಹಾಕಿ. ಇಲ್ಲದಿದ್ದರೆ ಕ್ಯಾಮೆರಾದ ಕರೆಂಟೂ ಮೂಲ ಫ್ಯೂಸಿನ ಮೂಲಕವೇ ಹೋಗುತ್ತದೆ.

ಕಪ್ಪು ತಂತಿಯನ್ನು ಬಣ್ಣವಿಲ್ಲದ ಬಾಡಿ ಬೋಲ್ಟಿಗೆ ಬಿಗಿಯಿರಿ. ಬ್ಯಾಟರಿಯ ಮೈನಸ್ ಕಂಬಕ್ಕೆ ಬೇಡ. ಸ್ಟಾರ್ಟ್-ಸ್ಟಾಪ್ ಇರುವ ಕಾರುಗಳಲ್ಲಿ ಅಲ್ಲಿ ಬ್ಯಾಟರಿ ಸೆನ್ಸರ್ ಕುಳಿತಿರುತ್ತದೆ, ಅದನ್ನು ತಪ್ಪಿಸಿ ಹೋದ ಕರೆಂಟ್ ಕಾರಿನ ಲೆಕ್ಕಕ್ಕೆ ಸಿಗುವುದಿಲ್ಲ. ಮುಂಗಾಜಿನ ಪಕ್ಕದ ಕಂಬದೊಳಗೆ ಕರ್ಟನ್ ಏರ್‌ಬ್ಯಾಗ್ ಇದ್ದರೆ ತಂತಿ ಅದರ ಹಿಂದಿನಿಂದ ಹೋಗಬೇಕು, ಮುಂದೆ ಅಡ್ಡ ಹಾದರೆ ಅದು ಬಿಚ್ಚಿಕೊಳ್ಳುವ ದಾರಿಗೆ ತಡೆ. ಕಂಬದ ಹೊದಿಕೆ ತೆಗೆಯುವ ಮೊದಲು ಬ್ಯಾಟರಿ ಮೈನಸ್ ಬಿಚ್ಚಿ 10 ನಿಮಿಷ ಕಾಯಿರಿ. ಕಿಟ್ಟಿನ ಕಡಿತದ ಮಟ್ಟವನ್ನು (ಬ್ಯಾಟರಿ ಎಷ್ಟಕ್ಕೆ ಇಳಿದಾಗ ಕ್ಯಾಮೆರಾ ಆಫ್ ಆಗಬೇಕು ಎಂಬುದನ್ನು) 12.2 ಅಥವಾ 12.4 ವೋಲ್ಟಿಗೆ ಇಡಿ. 11.8ಕ್ಕೆ ಇಟ್ಟರೆ ಕ್ಯಾಮೆರಾ ಹೆಚ್ಚು ಹೊತ್ತು ಓಡುತ್ತದೆ, ಆದರೆ ಬೆಳಿಗ್ಗೆ ಕಾರು ಸ್ಟಾರ್ಟ್ ಆಗುವ ಭರವಸೆ ಇರುವುದಿಲ್ಲ.

ಎಲ್‌ಇಡಿ ಬಲ್ಬ್ ಹಾಕಿದಾಗ

ಇಂಡಿಕೇಟರ್ ಬಲ್ಬ್ 21 ವ್ಯಾಟ್, ಅಂದರೆ ಹತ್ತಿರ ಹತ್ತಿರ 1.75 ಆಂಪ್. ಎಲ್‌ಇಡಿ ಎಳೆಯುವುದು ಅದರ ಒಂದು ಚೂರು ಮಾತ್ರ. ಬಾಡಿ ಮಾಡ್ಯೂಲ್ ಇದನ್ನು ‘ಬಲ್ಬ್ ಹೋಗಿದೆ’ ಎಂದು ತಿಳಿದು ವೇಗವಾಗಿ ಮಿನುಗಿಸುತ್ತದೆ. ಪರಿಹಾರವಾಗಿ ಮಾರುವ 6 ಓಮ್ ರೆಸಿಸ್ಟರ್ ಉರಿಯುತ್ತಿರುವಾಗ 24 ವ್ಯಾಟಿಗೂ ಹೆಚ್ಚು ಶಾಖ ಬಿಡುತ್ತದೆ. ಪ್ಲಾಸ್ಟಿಕ್ಕಿಗೂ ತಂತಿಗೂ ತಾಗದಂತೆ ಲೋಹದ ಮೇಲೆಯೇ ಕೂರಿಸಬೇಕು. ನಮ್ಮ ಸಲಹೆ: ಇಂಡಿಕೇಟರಿಗೆ ಮೂಲ ಬಲ್ಬೇ ಇರಲಿ.

ಏನೇ ಹೊಸದು ಜೋಡಿಸಿದರೂ 3ನೇ ಹಂತದ ಅಳತೆಯನ್ನು ಮತ್ತೊಮ್ಮೆ ಮಾಡಿ. ಡ್ಯಾಶ್‌ಕ್ಯಾಮ್ ಇದ್ದರೆ ಪಾರ್ಕಿಂಗ್ ಮೋಡ್ ಆಫ್ ಮಾಡಿ ಅಳೆಯಿರಿ. ಬಂದ ಮಿಲಿಆಂಪ್ ಅಂಕಿಯನ್ನು ದಿನಾಂಕದೊಂದಿಗೆ ಫ್ಯೂಸ್ ಚಾರ್ಟಿನ ಪಕ್ಕ ಬರೆದಿಡಿ. ಮುಂದೆ ಅನುಮಾನ ಬಂದಾಗ ಹೋಲಿಸಲು ಅದು ಬೇಕಾಗುತ್ತದೆ. ಬ್ಯಾಟರಿ ಬಿಚ್ಚಿದ್ದರಿಂದ ಪವರ್ ವಿಂಡೋದ ಒಂದೇ ಒತ್ತಿಗೆ ಮುಚ್ಚುವ ಸೌಲಭ್ಯ ನಿಂತಿದ್ದರೆ, ಹಲವು ಕಾರುಗಳಲ್ಲಿ ಗಾಜನ್ನು ಪೂರ್ತಿ ಏರಿಸಿ ಸ್ವಿಚ್ಚನ್ನು ಕೆಲವು ಸೆಕೆಂಡ್ ಹಿಡಿದಿಟ್ಟರೆ ಮರಳಿ ಬರುತ್ತದೆ.