ಹೊಲಿಗೆ ಕೋಣೆಯಲ್ಲೇ ನೆಂಟರಿಗೂ ಹಾಸಿಗೆ: 10 ಅಡಿಯಲ್ಲಿ ಎರಡನ್ನೂ ಹೊಂದಿಸೋದು ಹೇಗೆ

ಮನೆಯಲ್ಲೇ ಹೊಲಿಯುವವರಿಗೆ ಇದು ಚೆನ್ನಾಗಿ ಗೊತ್ತು. ಆರ್ಡರ್ ಜಾಸ್ತಿ ಇರುವ ದಿನಗಳಲ್ಲೇ ನೆಂಟರೂ ಬರುತ್ತಾರೆ. ವರಮಹಾಲಕ್ಷ್ಮಿಗೆ, ಗೌರಿ ಗಣೇಶಕ್ಕೆ, ದಸರೆಗೆ ಬ್ಲೌಸುಗಳ ರಾಶಿ ಬಿದ್ದಿರುತ್ತದೆ, ಅದೇ ವಾರ ಊರಿಂದ ಅತ್ತೆ ಮಾವ, ನಾದಿನಿ, ಅವಳ ಮಕ್ಕಳು ಎಲ್ಲರೂ ಬಂದಿಳಿಯುತ್ತಾರೆ. ಎರಡು ಬೆಡ್‌ರೂಮಿನ ಮನೆಯಲ್ಲಿ ಅವರು ಮಲಗಬೇಕಾದ್ದು ಮೆಷಿನ್ ಇರುವ ಕೋಣೆಯಲ್ಲೇ ಅಲ್ವಾ?

ಮೊದಲು ಪಿನ್ನಿನ ವಿಷಯ ಹೇಳಿಬಿಡುತ್ತೇನೆ. ಉಳಿದದ್ದೆಲ್ಲ ಆಮೇಲೆ. ಕೆಲವು ವರ್ಷಗಳ ಹಿಂದೆ ನಮ್ಮ ಸೋದರತ್ತೆ ಬಂದು ಈ ಕೋಣೆಯಲ್ಲಿ ಮಲಗಿದ್ದರು. ರಾತ್ರಿ ಎದ್ದು ಬಚ್ಚಲಿಗೆ ಹೋಗುವಾಗ ಮುರಿದ ಸೂಜಿಯ ತುದಿ ಅಂಗಾಲಿಗೆ ಚುಚ್ಚಿತು. ಅವರಿಗೆ ಸಕ್ಕರೆ ಕಾಯಿಲೆ. ಕಾಲಿನ ಸಣ್ಣ ಗಾಯವೂ ಬೇಗ ಮಾಯುವುದಿಲ್ಲ, ಎಷ್ಟೋ ದಿನ ಡ್ರೆಸ್ಸಿಂಗ್ ಮಾಡಿಸಬೇಕಾಯಿತು. ಅವರು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಆದರೆ ಅವತ್ತಿಂದ ನಾನು ಈ ಕೋಣೆಯನ್ನು ನೋಡುವ ರೀತಿಯೇ ಬದಲಾಯಿತು.

ಕಸಬರಿಗೆಗೆ ಎಲ್ಲಾ ಪಿನ್ನೂ ಸಿಗುವುದಿಲ್ಲ. ಟೈಲ್ಸಿನ ಸಂದಿಯಲ್ಲಿ, ಜಮಖಾನದ ನೂಲಿನಲ್ಲಿ ಸಿಕ್ಕಿಕೊಂಡಿರುತ್ತವೆ. ಹಳೆಯ ಕೆಟ್ಟ ಸ್ಪೀಕರಿನ ಒಳಗೆ ದುಂಡನೆಯ ದೊಡ್ಡ ಅಯಸ್ಕಾಂತ ಇರುತ್ತದೆ. ಅದನ್ನು ತೆಗೆದು, ಬಟ್ಟೆಯ ಚೀಲದಲ್ಲಿ ಹಾಕಿ, ಉದ್ದನೆಯ ದಾರ ಕಟ್ಟಿ. ಮೆಷಿನ್ ಕೆಳಗೆ, ಮಂಚದ ಕೆಳಗೆ, ಬಾಗಿಲ ಸಂದಿಯಲ್ಲಿ ನೆಲಕ್ಕೆ ತಾಗಿಸಿ ಎಳೆದುಕೊಂಡು ಹೋಗಿ. ಮೊದಲ ಸಲ ಎಷ್ಟು ಸಿಗುತ್ತವೆ ಅಂತ ನೀವೇ ನೋಡಿ. ಹಿತ್ತಾಳೆಯ ಪಿನ್ನು ಅಯಸ್ಕಾಂತಕ್ಕೆ ಹತ್ತುವುದಿಲ್ಲ, ಹಾಗಾಗಿ ಉಕ್ಕಿನ ಗುಂಡುಪಿನ್ನನ್ನೇ ತನ್ನಿ, ಅದರಲ್ಲೂ ಬಣ್ಣದ ತಲೆಯದ್ದಾದರೆ ಕಣ್ಣಿಗೂ ಬೀಳುತ್ತದೆ. ಸೂಜಿ ಮುರಿದರೆ ಎರಡೂ ತುಂಡು ಸಿಗುವವರೆಗೂ ಮೇಲೇಳಬೇಡಿ. ಸಿಕ್ಕಿದ ತುಂಡುಗಳನ್ನು ಮುಚ್ಚಳ ಇರುವ ಡಬ್ಬಿಗೆ ಹಾಕಿ, ಕಸದ ಬುಟ್ಟಿಗೆ ಹಾಗೇ ಎಸೆಯಬೇಡಿ.

ಈಗ ಜಾಗದ ಲೆಕ್ಕ. ನಮ್ಮ ಕೋಣೆ 10 ಅಡಿ ಅಗಲ, 11 ಅಡಿ ಉದ್ದ. 10 ಅಡಿಯ ಒಂದು ಗೋಡೆಗೆ 6 ಅಡಿ ಉದ್ದ 3 ಅಡಿ ಅಗಲದ ದಿವಾನ. ಎದುರು ಗೋಡೆಗೆ, ಕಿಟಕಿಯ ಹತ್ತಿರ, ಕಾಲು ಮೆಷಿನ್. ಮೆಷಿನ್ ಟೇಬಲ್ ಸುಮಾರು ಒಂದೂವರೆ ಅಡಿ ಅಗಲ ಇರುತ್ತದೆ, ಕೂರಲು ಇನ್ನೆರಡು ಅಡಿ ಬೇಕು. ಹಗಲಲ್ಲಿ 11 ಅಡಿ ಉದ್ದದಲ್ಲಿ ನಡುವೆ ನಾಲ್ಕೂವರೆ ಅಡಿ ಓಡಾಡಲು ಉಳಿಯುತ್ತದೆ. ರಾತ್ರಿ ಸ್ಟೂಲನ್ನು ಮೆಷಿನ್ ಕೆಳಗೆ ತಳ್ಳಿದರೆ ಆರೂವರೆ ಅಡಿ ಆಗುತ್ತದೆ. ಅಲ್ಲಿ ನೆಲದ ಮೇಲೆ ಇನ್ನೊಂದು ಹಾಸಿಗೆ ಹಾಸಿದರೂ ಮೂರೂವರೆ ಅಡಿ ದಾರಿ ಸಿಗುತ್ತದೆ. ಅಂದರೆ ದೊಡ್ಡವರೊಬ್ಬರು ಮೇಲೆ, ಇನ್ನೊಬ್ಬರು ಕೆಳಗೆ ಆರಾಮಾಗಿ ಮಲಗಬಹುದು. ನಿಮ್ಮ ಕೋಣೆಯಲ್ಲೂ ಟೇಪ್ ಹಿಡಿದು ಅಳೆದು, ನೆಲದ ಮೇಲೆ ಚಾಕಿನಲ್ಲಿ ಗೆರೆ ಎಳೆದು ನೋಡಿ. ಆಮೇಲೇ ಮಂಚ ಕೊಳ್ಳಿ. ಡಬಲ್ ಕಾಟ್ ಮಾತ್ರ ಬೇಡ. ವರ್ಷದಲ್ಲಿ 20 ರಾತ್ರಿ ಬಳಸುವ ಮಂಚಕ್ಕೆ 365 ದಿನ ನಡೆದಾಡುವ ಜಾಗ ಕೊಡುವುದು ಸರಿಯಲ್ಲ.

ದಿವಾನದ ಕೆಳಗೆ ಡ್ರಾಯರ್ ಅಥವಾ ಬಾಕ್ಸ್ ಇರಲಿ. ಒಂದು ಮಾತು. ಬಾಕ್ಸಿನಲ್ಲಿ ನೆಂಟರ ದಿಂಬು, ಹೊದಿಕೆ, ಬೆಡ್‌ಶೀಟ್ ಇಡಿ, ನಿಮ್ಮ ಲೈನಿಂಗ್ ಬಟ್ಟೆ ಇಡಬೇಡಿ. ನೆಂಟರು ಮಲಗಿರುವಾಗ ಕೆಂಪು ಲೈನಿಂಗ್ ಬೇಕು ಅಂತ ಅವರನ್ನು ಎಬ್ಬಿಸೋಕಾಗುತ್ತಾ?

ಕಟಿಂಗ್‌ಗೆ ಬೇರೆ ಟೇಬಲ್ ಬೇಕೇ ಬೇಕು ಅಂತ ನನಗೆ ಅನ್ನಿಸುತ್ತದೆ. ಮಂಚದ ಮೇಲೆ ಕತ್ತರಿಸಬೇಡಿ. ಹಾಸಿಗೆ ಮೆತ್ತಗಿರುತ್ತದೆ, ಅಳತೆ ತಪ್ಪುತ್ತದೆ, ಪಿನ್ನು ಹಾಸಿಗೆಯೊಳಗೆ ಹೋಗುತ್ತದೆ. ನೆಲದ ಮೇಲೆ ಬಗ್ಗಿ ಬಗ್ಗಿ ಕತ್ತರಿಸಿದರೆ ಸೊಂಟ ಹೋಗುತ್ತದೆ. ನಾನು ಗೋಡೆಗೆ ಮಡಚುವ ಹಲಗೆ ಹಾಕಿಸಿದ್ದೇನೆ, 4 ಅಡಿ ಉದ್ದ, 2 ಅಡಿ ಅಗಲ, ನೆಲದಿಂದ 35 ಇಂಚು ಎತ್ತರ. ಪ್ಲೈವುಡ್ ಹಾಳೆ 8ಕ್ಕೆ 4 ಅಡಿಯದ್ದು ಬರುತ್ತದೆ, ಅದರಲ್ಲಿ ಇಂಥ 4 ತುಂಡು ಆಗುತ್ತವೆ. ಒಂದು ಟೇಬಲ್ಲಿಗೆ ಹೋಯಿತು, ಉಳಿದ ಮೂರನ್ನು ಬಡಗಿ ಮೇಲಿನ ಶೆಲ್ಫ್‌ಗಳಿಗೆ ಹಾಕಿಕೊಟ್ಟರು. 80 ಸೆಂಟಿಮೀಟರಿನ ಬ್ಲೌಸ್ ಪೀಸನ್ನು ಎರಡು ಮಡಿಕೆ ಮಾಡಿ ಹಾಸಿದರೆ ಈ ಹಲಗೆಯ ಮೇಲೆ ಸರಿಯಾಗಿ ಕೂರುತ್ತದೆ. ನೈಟಿ, ಉದ್ದನೆಯ ಕುರ್ತಾ ಆದರೆ ಹಾಲಿನ ಊಟದ ಟೇಬಲ್ಲಿಗೆ ಹೋಗುತ್ತೇನೆ. ಬಾಡಿಗೆ ಮನೆಯಲ್ಲಿದ್ದು ಗೋಡೆ ಕೊರೆಯಲು ಬಿಡದಿದ್ದರೆ, ಕಾಲು ಮಡಚುವ ಟೇಬಲ್ ತಂದು ರಾತ್ರಿ ಬಾಗಿಲ ಹಿಂದೆ ನಿಲ್ಲಿಸಿ.

ಗಿರಾಕಿಗಳ ಬಟ್ಟೆ ನೆಂಟರ ಕಣ್ಣಿಗೆ ಬೀಳದಂತಿರಲಿ, ಮಕ್ಕಳ ಕೈಗಂತೂ ಸಿಗಲೇಬಾರದು. ಒಬ್ಬೊಬ್ಬರ ಬಟ್ಟೆ, ಅಳತೆ ಬ್ಲೌಸು, ಹೊಂದುವ ದಾರ ಎಲ್ಲವನ್ನೂ ಒಂದೇ ಚೀಲಕ್ಕೆ ಹಾಕಿ, ಹೆಸರಿನ ಚೀಟಿ ಪಿನ್ ಮಾಡಿ ಶೆಲ್ಫ್ ಮೇಲಿಡಿ. ಶೆಲ್ಫ್‌ಗೆ ಹಳೆಯ ಕಾಟನ್ ಸೀರೆಯ ಪರದೆ ಹಾಕಿ. ಐದೂವರೆ ಮೀಟರ್ ಸೀರೆ ಅಂದರೆ 18 ಅಡಿ. 7 ಅಡಿಯ ಎರಡು ಪರದೆ ಆಗಿ 4 ಅಡಿ ಉಳಿಯುತ್ತದೆ. ಆ 4 ಅಡಿಯಲ್ಲಿ ಮೆಷಿನ್ನಿಗೆ ಮುಸುಕು ಹೊಲಿಯಿರಿ. ಪರದೆ, ಮುಸುಕು ಎರಡೂ ಒಂದೇ ಬಟ್ಟೆಯದ್ದಾದಾಗ ಕೋಣೆ ಅಂಗಡಿಯ ಹಾಗೆ ಕಾಣುವುದಿಲ್ಲ. ಮಲಗಲು ಬಂದವರಿಗೆ ಇದು ಬಹಳ ಮುಖ್ಯ.

ಕರೆಂಟಿನದು ಚಿಕ್ಕ ವಿಷಯ, ಆದರೂ ಹೇಳಬೇಕು. ಇಸ್ತ್ರಿ ಪೆಟ್ಟಿಗೆ ಗೋಡೆಯ ಸಾಕೆಟ್ಟಿಗೇ ಹೋಗಲಿ. ಮೆಷಿನ್ನಿಗೆ ಹಾಕಿದ ಮೋಟಾರು, ಇಸ್ತ್ರಿ, ನೆಂಟರ ಮೊಬೈಲ್ ಚಾರ್ಜರು ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಶನ್‌ಗೆ ಸಿಕ್ಕಿಸಬೇಡಿ. 6 ಆಂಪಿಯರ್ ಸಾಕೆಟ್ 230 ವೋಲ್ಟಿನಲ್ಲಿ ತಡೆಯುವುದು ಸುಮಾರು 1,380 ವಾಟ್ ಮಾತ್ರ, 1,000 ವಾಟಿನ ಇಸ್ತ್ರಿಯೇ ಅದರಲ್ಲಿ ಹೆಚ್ಚಿನ ಪಾಲು ತಿನ್ನುತ್ತದೆ. ದೀಪ ಎರಡು ಬೇಕು. ಹೊಲಿಯಲು ಬಿಳಿ ಬೆಳಕು, ದಿವಾನದ ತಲೆಯ ಹತ್ತಿರ ಸಣ್ಣ ಹಳದಿ ಬಲ್ಬು. ಹಳದಿಯ ಸ್ವಿಚ್ಚು ಮಲಗಿದ್ದಲ್ಲಿಂದಲೇ ಕೈಗೆ ಸಿಗಬೇಕು.

ನೆಂಟರು ಬರುವ ದಿನ ಸಂಜೆ ನಾನು ಮಾಡುವುದು ಇಷ್ಟು. ಇಸ್ತ್ರಿ ಪೆಟ್ಟಿಗೆಯನ್ನು ಮೊದಲೇ ಆರಿಸಿ ಇಡುತ್ತೇನೆ, ತಣ್ಣಗಾಗಲು ಸಮಯ ಬೇಕು. ಕತ್ತರಿ, ಬ್ಲೇಡು, ಬಾಬಿನ್ ಡಬ್ಬಿ, ಎಣ್ಣೆ ಬಾಟಲಿ ಮೇಲಿನ ಶೆಲ್ಫಿಗೆ. ಮೋಟಾರಿನ ಪ್ಲಗ್ ತೆಗೆದು ವೈರ್ ಸುತ್ತಿಡುತ್ತೇನೆ. ಚಿಕ್ಕ ಮಕ್ಕಳು ಬರುವುದಿದ್ದರೆ ಕಾಲು ಮೆಷಿನ್ನಿನ ಬೆಲ್ಟನ್ನೂ ಚಕ್ರದಿಂದ ಕಳಚುತ್ತೇನೆ. ಒಬ್ಬ ಪೆಡಲ್ ತುಳಿಯುವಾಗ ಇನ್ನೊಬ್ಬ ಚಕ್ರಕ್ಕೆ ಬೆರಳು ಕೊಟ್ಟರೆ ಗತಿಯೇನು? ಆಮೇಲೆ ಅಯಸ್ಕಾಂತ ಎಳೆಯುವುದು, ಗುಡಿಸುವುದು, ಒದ್ದೆ ಬಟ್ಟೆಯಲ್ಲಿ ಒರೆಸುವುದು. ಬಟ್ಟೆಯ ನವಿರು ಧೂಳು ಕಣ್ಣಿಗೆ ಕಾಣುವುದಿಲ್ಲ, ಆದರೆ ಉಬ್ಬಸ ಇರುವವರಿಗೆ ರಾತ್ರಿಯಿಡೀ ಕೆಮ್ಮು ಬರಿಸುತ್ತದೆ. ಒಂದು ಶೆಲ್ಫ್ ಪೂರ್ತಿ ಖಾಲಿ ಮಾಡಿ ಅವರ ಬ್ಯಾಗಿಗೆ ಬಿಡಿ. ಬಾಗಿಲ ಹಿಂದೆ ಎರಡು ಹುಕ್ಕು, ಒಂದು ತಂಬಿಗೆ ನೀರು. ಟ್ರಯಲ್ ನೋಡುವ ಕನ್ನಡಿ ಹೇಗೂ ಇರುತ್ತದೆ.

ಹಬ್ಬದ ಆರ್ಡರ್ ಏನು ಮಾಡೋದು ಅಂತ ಕೇಳುತ್ತೀರಿ. ನನ್ನ ಉಪಾಯ ಇದು. ನೆಂಟರು ಬರುವ ಮುಂಚಿನ ವಾರ ಮೆಷಿನ್ ಕೆಲಸವನ್ನೆಲ್ಲ ಮುಗಿಸಿ, ಕೈಕೆಲಸವನ್ನು ಉಳಿಸಿಕೊಳ್ಳುತ್ತೇನೆ. ಹುಕ್ಕು, ಕಾಜಾ, ಹೆಮ್ಮಿಂಗ್, ಫಾಲ್ಸ್, ಸೀರೆ ಕುಚ್ಚು, ಇವಕ್ಕೆ ಮೆಷಿನ್ ಬೇಡ, ಸದ್ದೂ ಇಲ್ಲ. ಹಾಲಿನಲ್ಲಿ ಅವರ ಜೊತೆ ಮಾತಾಡುತ್ತಲೇ ಮಾಡಬಹುದು. "ನಿನ್ನ ಕೆಲಸ ನಿಲ್ಸಿಬಿಟ್ವಿ ಕಣೇ" ಅಂತ ಅವರಿಗೆ ಅನ್ನಿಸುವುದೂ ಇಲ್ಲ. ನಮ್ಮತ್ತೆ ಈಗ ಬಂದ ದಿನವೇ ಕೇಳುತ್ತಾರೆ, ಕುಚ್ಚಿನ ಸೀರೆ ಎಲ್ಲಿಟ್ಟಿದ್ದೀಯ ಅಂತ. ತೀರಾ ತುರ್ತು ಹೊಲಿಗೆ ಇದ್ದರೆ ಅವರು ಎದ್ದು ಸ್ನಾನಕ್ಕೆ ಹೋದ ಮೇಲೆ ಮೆಷಿನ್ ತೆಗೆಯಿರಿ, ರಾತ್ರಿ 9 ಆದ ಮೇಲೆ ಬೇಡ. ಮೆಷಿನ್ನಿನ ಕಾಲಿನ ಕೆಳಗೆ ದಪ್ಪ ರಬ್ಬರ್ ಮ್ಯಾಟ್ ಇದ್ದರೆ ಕೆಳಗಿನ ಮನೆಯವರಿಗೂ ಸದ್ದು ಕಡಿಮೆ.

ಉಳಿದ ತುಂಡು ಬಟ್ಟೆ ಎಸೆಯಬೇಡಿ. ನಮ್ಮ ಧಾರವಾಡದ ಕಡೆ ಹಳೆ ಸೀರೆ, ಚಿಂದಿ ಸೇರಿಸಿ ಕೌದಿ ಹೊಲಿಯುತ್ತಾರೆ, ಪದರದ ಮೇಲೆ ಪದರ ಇಟ್ಟು, ಕೈಯಲ್ಲೇ ಸಾಲು ಸಾಲು ಹೊಲಿಗೆ ಹಾಕಿ. ಕಾಟನ್ ತುಂಡುಗಳನ್ನು ಮಾತ್ರ ಬೇರೆ ಚೀಲಕ್ಕೆ ಹಾಕುತ್ತಾ ಬನ್ನಿ. ಪಾಲಿಸ್ಟರ್ ಬೆರೆತರೆ ಸೆಕೆಯಾಗುತ್ತದೆ, ಬೆವರು ಹೀರುವುದಿಲ್ಲ. ನಾನು ಹೊಲಿದ ಕೌದಿ ಈಗ ಅದೇ ದಿವಾನದ ಮೇಲಿದೆ. ಕಳೆದ ಸಲ ನಾದಿನಿಯ ಮಗಳು ಅದರ ಮೇಲೆ ಬೆರಳಿಟ್ಟು ಒಂದೊಂದೇ ತುಂಡು ತೋರಿಸಿ, ಇದು ಯಾರ ಬ್ಲೌಸಿನದು, ಇದು ಯಾರದು ಅಂತ ಕೇಳುತ್ತಾ ಕೇಳುತ್ತಾ ನಿದ್ದೆ ಹೋದಳು.