ಮೊದಲು ಚಕ್ರ, ಆಮೇಲೆ ಆಯಿಲ್

ಕಾರು ರಿಪೇರಿ ಕಲಿಯಬೇಕೆಂಬ ಆಸೆಯುಳ್ಳವರು ಸಾಮಾನ್ಯವಾಗಿ ಬಾನೆಟ್ ಎತ್ತಿ ನೇರ ಎಂಜಿನ್ನಿಗೇ ಕೈ ಹಾಕುತ್ತಾರೆ. ಅದಕ್ಕಿಂತ ಮುಂಚೆ ಒಂದು ಚಕ್ರ ಬಿಚ್ಚಿ, ಸರಿಯಾಗಿ ಮತ್ತೆ ಕೂರಿಸುವುದನ್ನು ಕಲಿಯಿರಿ. ನಟ್ಟನ್ನು ಎಷ್ಟು ಬಿಗಿಯಬೇಕು ಎಂಬ ಅಂದಾಜು ಕೈಗೆ ಹತ್ತುವುದು ಅಲ್ಲಿಯೇ. ಹೊಸಬರ ಕೈಯಲ್ಲಿ ಮೊದಲು ಹಾಳಾಗುವುದು ಥ್ರೆಡ್, ಅಂದರೆ ನಟ್ಟು ಬೋಲ್ಟುಗಳ ತಿರುಪಿನ ಗೆರೆ.

ಸಾಮಾನು ಬಹಳ ಬೇಕಿಲ್ಲ. 8ರಿಂದ 21 ಎಂ.ಎಂ.ವರೆಗಿನ ಸಾಕೆಟ್ ಸೆಟ್, ರಿಂಗ್ ಸ್ಪ್ಯಾನರ್‌ಗಳು, ಬಿಗಿತ ಅಳೆಯುವ ಟಾರ್ಕ್ ರೆಂಚ್, ವೋಲ್ಟ್ ಅಳೆಯುವ ಮಲ್ಟಿಮೀಟರ್, ಎತ್ತಿದ ಕಾರನ್ನು ಹೊತ್ತು ನಿಲ್ಲುವ ಎರಡು ಜಾಕ್ ಸ್ಟ್ಯಾಂಡ್. 10 ಎಂ.ಎಂ. ಸಾಕೆಟ್ ಎರಡಿರಲಿ, ಹೆಚ್ಚು ಬಳಕೆಯಾಗುವುದೂ ಅದೇ, ಕಳೆದುಹೋಗುವುದೂ ಅದೇ. ಬಾಯಿ ತೆರೆದ ಸ್ಪ್ಯಾನರ್‌ನಲ್ಲಿ ಬಿಗಿ ಬೋಲ್ಟ್ ಬಿಚ್ಚಲು ಹೋದರೆ ತಲೆಯ ಮೂಲೆಗಳು ಸವೆದು ಗುಂಡಗಾಗುತ್ತವೆ. ಕಾರಿನ ಜೊತೆ ಬಂದ ಮ್ಯಾನುಯಲ್ ಪಕ್ಕದಲ್ಲೇ ಇರಲಿ.

ಚಕ್ರ

ಸಮತಟ್ಟಾದ ಗಟ್ಟಿ ನೆಲದಲ್ಲಿ ಕಾರು ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆಯಿರಿ, ಮೊದಲ ಗೇರಿನಲ್ಲಿಡಿ. ಎತ್ತುವ ಚಕ್ರಕ್ಕೆ ಕರ್ಣದಲ್ಲಿರುವ ಚಕ್ರದ ಹಿಂದೆ ಮುಂದೆ ಕಲ್ಲು ಕೊಡಿ. ಚಕ್ರ ನೆಲದ ಮೇಲಿರುವಾಗಲೇ ನಟ್‌ಗಳನ್ನು ಅರ್ಧ ಸುತ್ತು ಸಡಿಲಿಸಬೇಕು. ಎತ್ತಿದ ಮೇಲೆ ಬಲ ಹಾಕಿದರೆ ಕಾರು ಜಾಕಿಯಿಂದ ಜಾರಬಹುದು. ಬಾಗಿಲ ಕೆಳಗಿನ ಅಂಚಿನಲ್ಲಿ ಎರಡು ಕಚ್ಚುಗಳ ನಡುವಿನ ಜಾಗವೇ ಜಾಕಿಯ ಸ್ಥಾನ. ಹಳ್ಳಿಯ ಮಣ್ಣಿನ ಅಂಗಳವಾದರೆ ಜಾಕಿಯ ಅಡಿಗೆ ಒಂದಡಿ ಅಗಲದ ದಪ್ಪ ಹಲಗೆ ಇಡಿ. ಬರೀ ಜಾಕಿಯ ಮೇಲೆ ನಿಂತ ಕಾರಿನ ಕೆಳಗೆ ಯಾವ ಕಾರಣಕ್ಕೂ ನುಸುಳಬೇಡಿ, ಕೈಯನ್ನೂ ತೂರಿಸಬೇಡಿ.

ಚಕ್ರ ತೆಗೆದಾಗ ಬ್ರೇಕ್ ಪ್ಯಾಡ್ ನೋಡಿ. ಉಜ್ಜುವ ಪದರ 3 ಎಂ.ಎಂ.ಗೆ ಇಳಿದಿದ್ದರೆ ಬದಲಿಸುವ ಕಾಲ ಬಂತು. ಚಾಮುಂಡಿ ಬೆಟ್ಟದಿಂದ ಟಾಪ್ ಗೇರಿನಲ್ಲಿ ಬ್ರೇಕ್ ಒತ್ತುತ್ತಲೇ ಇಳಿಯುವವರ ಪ್ಯಾಡ್ ಬೇಗ ಸವೆಯುತ್ತದೆ. ಎರಡನೇ ಗೇರಿನಲ್ಲಿ ಇಳಿದರೆ ಒಂದಷ್ಟು ಹೊರೆಯನ್ನು ಎಂಜಿನ್ನೇ ಹೊರುತ್ತದೆ. ಸದ್ಯಕ್ಕೆ ನೋಡಿದರೆ ಸಾಕು, ಬ್ರೇಕ್ ಬಿಚ್ಚುವ ಕೆಲಸ ಬಲ್ಲವರು ಪಕ್ಕದಲ್ಲಿರುವಾಗ.

ಮತ್ತೆ ಹಾಕುವಾಗ ಎಲ್ಲ ನಟ್‌ಗಳನ್ನೂ ಮೊದಲು ಬೆರಳಿನಲ್ಲೇ ತಿರುಗಿಸಿ. ಮೂರು ನಾಲ್ಕು ಸುತ್ತು ಸಲೀಸಾಗಿ ಹೋಗದಿದ್ದರೆ ಅಡ್ಡ ಕೂತಿದೆ ಎಂದರ್ಥ, ಬಿಚ್ಚಿ ಮತ್ತೆ ಹಿಡಿಸಿ. ಎದುರುಬದುರು ಕ್ರಮದಲ್ಲಿ ಬಿಗಿದು, ಕಾರು ಇಳಿಸಿ, ಟಾರ್ಕ್ ರೆಂಚಿನಲ್ಲಿ ಮುಗಿಸಿ. ಹೆಚ್ಚಿನ ಚಿಕ್ಕ ಕಾರುಗಳಿಗೆ 85ರಿಂದ 110 ನ್ಯೂಟನ್ ಮೀಟರ್ ಸಾಕು. ಸ್ಪ್ಯಾನರ್ ಮೇಲೆ ಹತ್ತಿ ನಿಂತು ಬಿಗಿದರೆ ನಟ್ ಹಿಡಿದುಕೊಳ್ಳುವ ಸ್ಟಡ್ ಎಳೆದು ಉದ್ದವಾಗುತ್ತದೆ. ಐವತ್ತು ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ಪರೀಕ್ಷಿಸಿ.

ಬ್ಯಾಟರಿ, ಏರ್ ಫಿಲ್ಟರ್

ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ತುಂಬಿದೆ, 12 ಅಂದರೆ ಬಹುತೇಕ ಬರಿದಾಗಿದೆ. ಎಂಜಿನ್ ಓಡುವಾಗ 13.8ರಿಂದ 14.5 ಇಲ್ಲದಿದ್ದರೆ ಹೊಸ ಬ್ಯಾಟರಿ ಕೊಳ್ಳುವ ಮುನ್ನ ಅದನ್ನು ಚಾರ್ಜ್ ಮಾಡುವ ಆಲ್ಟರ್ನೇಟರನ್ನು ತೋರಿಸಿ. ಟರ್ಮಿನಲ್ ಬಿಚ್ಚುವಾಗ ನೆಗೆಟಿವ್ ಮೊದಲು, ಹಾಕುವಾಗ ಕೊನೆಗೆ. ತಿರುಗುಮುರುಗಾದರೆ ಪಾಸಿಟಿವ್ ಮೇಲಿನ ಸ್ಪ್ಯಾನರ್ ಕಾರಿನ ಲೋಹದ ಮೈಗೆ ತಾಗಿದ ಕ್ಷಣವೇ ಕಿಡಿ ಹಾರುತ್ತದೆ. ಬಿಳಿ-ಹಸಿರು ಪುಡಿ ಹಿಡಿದಿದ್ದರೆ ಒಂದು ಲೋಟ ಬೆಚ್ಚನೆ ನೀರಿಗೆ ಒಂದು ಚಮಚ ಅಡುಗೆ ಸೋಡಾ ಬೆರೆಸಿ ಬ್ರಷ್‌ನಿಂದ ಉಜ್ಜಿ, ಒಣಗಿಸಿ, ಬಿಗಿದ ಮೇಲೆ ವ್ಯಾಸಲಿನ್ ಸವರಿ.

ಕಬ್ಬು ಸಾಗಿಸುವ ಗಾಡಿಗಳ ಹಿಂದೆ ಮಂಡ್ಯದ ಮಣ್ಣುರಸ್ತೆಯಲ್ಲಿ ಓಡಾಡುವ ಕಾರಿನ ಏರ್ ಫಿಲ್ಟರನ್ನು 5,000 ಕಿಲೋಮೀಟರ್‌ಗೊಮ್ಮೆ ತೆಗೆದು ನೋಡಿ. ಕಾಗದದ ಫಿಲ್ಟರನ್ನು ತೊಳೆಯಬಾರದು. ಗದ್ದೆ ಪಕ್ಕದ ಮನೆಯಾದರೆ ಫಿಲ್ಟರ್ ಡಬ್ಬಿಯಲ್ಲಿ ಇಲಿಗೂಡು ಸಿಗುವುದೂ ಉಂಟು. ಆಗ ಸುತ್ತಲಿನ ವೈರ್‌ಗಳನ್ನೂ ಕಣ್ಣಾಡಿಸಿ. ಆಯುಧಪೂಜೆಗೆ ಕಾರು ತೊಳೆಯುವಾಗ ಎಂಜಿನ್ ಮೇಲೆ ಪೈಪಿನಿಂದ ಜೋರಾಗಿ ನೀರು ಬಿಡುವುದು ಬೇಡ. ಸ್ಪಾರ್ಕ್ ಪ್ಲಗ್‌ಗಳ ಕಾಯಿಲ್ ಕೂರುವ ಕುಣಿಗಳಲ್ಲಿ ನೀರು ನಿಂತರೆ ಮರುದಿನ ಎಂಜಿನ್ ಮುಗ್ಗರಿಸುತ್ತದೆ. ಒದ್ದೆ ಬಟ್ಟೆ ಸಾಕು.

ಆಯಿಲ್

ಚಿಕ್ಕ ಪೆಟ್ರೋಲ್ ಕಾರುಗಳಿಗೆ ಸುಮಾರು 3ರಿಂದ 3.5 ಲೀಟರ್ ಬೇಕು. ಯಾವ ಗ್ರೇಡ್ ಎಂಬುದನ್ನು ಮ್ಯಾನುಯಲ್ ಹೇಳಬೇಕೇ ಹೊರತು ಅಂಗಡಿಯವರಲ್ಲ. ಐದು ನಿಮಿಷ ಎಂಜಿನ್ ಓಡಿಸಿ, ಹತ್ತು ನಿಮಿಷ ಬಿಡಿ. ಬೆಚ್ಚಗಿನ ಆಯಿಲ್ ಕೊಳೆಯನ್ನೂ ಜೊತೆಗೆ ಎಳೆದುಕೊಂಡು ಇಳಿಯುತ್ತದೆ. ಕಾರನ್ನು ಸ್ಟ್ಯಾಂಡ್ ಮೇಲೆ ಭದ್ರವಾಗಿ ಕೂರಿಸಿ, ಚೇಂಬರಿನ, ಅಂದರೆ ಎಂಜಿನ್ ಅಡಿಯ ಆಯಿಲ್ ತೊಟ್ಟಿಯ, ಡ್ರೈನ್ ಬೋಲ್ಟ್ ಬಿಚ್ಚಿ. ಪಾತ್ರೆ ಐದು ಲೀಟರ್ ಹಿಡಿಯುವಂತಿರಲಿ. ಮತ್ತೆ ಹಾಕುವಾಗ ಹೊಸ ವಾಷರ್ ಬೇಕು, ಬಿಗಿತ ಮ್ಯಾನುಯಲ್ ಹೇಳಿದಷ್ಟೇ. ಅಲ್ಯೂಮಿನಿಯಂ ಚೇಂಬರಿನಲ್ಲಿ ಜಾಸ್ತಿ ಬಿಗಿದು ಥ್ರೆಡ್ ಹೋದರೆ ನೂರರ ಕೆಲಸ ಸಾವಿರಕ್ಕೆ ಏರುತ್ತದೆ.

ತಿರುಗಿಸಿ ಹಾಕುವ ಹಳೆ ಫಿಲ್ಟರ್ ಬಿಚ್ಚಿದೊಡನೆ ಅದರ ರಬ್ಬರ್ ರಿಂಗ್ ಜೊತೆಯಲ್ಲೇ ಬಂದಿದೆಯೇ ನೋಡಿ. ಎಂಜಿನ್ನಿಗೇ ಅಂಟಿಕೊಂಡು ಉಳಿದು, ಅದರ ಮೇಲೆ ಹೊಸದನ್ನು ಕೂರಿಸಿದರೆ ಎರಡು ರಿಂಗ್ ಒಂದರ ಮೇಲೊಂದು ಜಾರಿ, ಒತ್ತಡ ಬಂದಾಗ ಆಯಿಲ್ ಚಿಮ್ಮುತ್ತದೆ. ನಿಮಿಷದಲ್ಲಿ ಚೇಂಬರ್ ಖಾಲಿ. ಹೊಸ ರಿಂಗ್‌ಗೆ ಆಯಿಲ್ ಸವರಿ, ತಾಗಿದ ಮೇಲೆ ಕೈಯಲ್ಲೇ ಮುಕ್ಕಾಲು ಸುತ್ತು ಬಿಗಿಯಿರಿ.

ಅಳತೆಗಿಂತ ಅರ್ಧ ಲೀಟರ್ ಕಡಿಮೆ ಸುರಿದು ಎಂಜಿನ್ ಓಡಿಸಿ. ಕೆಂಪು ಆಯಿಲ್ ದೀಪ ಕೆಲವೇ ಸೆಕೆಂಡಿನಲ್ಲಿ ಆರದಿದ್ದರೆ ತಕ್ಷಣ ನಿಲ್ಲಿಸಿ. ಆರಿದರೆ ಒಂದು ನಿಮಿಷದ ನಂತರ ನಿಲ್ಲಿಸಿ, ಕಾರನ್ನು ನೆಲಕ್ಕಿಳಿಸಿ, ಐದು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡಿ, ಮೇಲಿನ ಗುರುತಿನ ಸಮೀಪಕ್ಕೆ ತನ್ನಿ. ಗುರುತು ಮೀರಿದರೆ ಎಂಜಿನ್ನೊಳಗೆ ತಿರುಗುವ ಕ್ರ್ಯಾಂಕ್ ಆಯಿಲನ್ನು ಕಡೆದು ನೊರೆ ಎಬ್ಬಿಸುತ್ತದೆ, ನೊರೆಯಾದ ಆಯಿಲ್ ಬೇರಿಂಗನ್ನು ಕಾಯದು.

ಹಳೆ ಆಯಿಲನ್ನು ಕ್ಯಾನಿಗೆ ತುಂಬಿ, ಸಂಗ್ರಹಿಸುವ ಗ್ಯಾರೇಜಿಗೆ ಕೊಡಿ. ವಿಶ್ವೇಶ್ವರಯ್ಯ ನಾಲೆಗೋ ಮೋರಿಗೋ ಸುರಿದರೆ ಅದು ಹೋಗಿ ಸೇರುವುದು ಯಾರದೋ ಗದ್ದೆಗೆ. ಅಂದು ರಾತ್ರಿ ಕಾರಿನ ಕೆಳಗೆ ಒಂದು ರಟ್ಟು ಹಾಸಿಡಿ; ಬೆಳಿಗ್ಗೆ ಹನಿ ಬಿದ್ದಿದ್ದರೆ ವಾಷರನ್ನೂ ಫಿಲ್ಟರನ್ನೂ ಮತ್ತೆ ನೋಡಿ.